ತಂತ್ರಾಂಶದೊಳಗೊಬ್ಬ ಚಂದಿರ

ನಮ್ಮ ಕನ್ನಡ ಕಾರ್ಯಕ್ರಮ ಕೇಳುವವರಲ್ಲಿ ಸಾಫ್ಟ್‌ವೇರ್ ಕೆಲಸದವರು ಬಹಳ ಮಂದಿ. ಅವರು 'ಇವತ್ತು ಸ್ಕ್ರಿಪ್ಟ್ ಬರೆದೆ' ಎಂದರೆ ಮನೆಯವರಿಗೆ ನೆನಪಾಗುವುದು ನಾಟಕ. ಅದೂ ಪೂರ್ತಿ ತಪ್ಪಲ್ಲ ಬಿಡಿ!

ದೊಡ್ಡ ತಂತ್ರಾಂಶವನ್ನು ಬರೆದು, ಯಂತ್ರಭಾಷೆಗೆ ಇಳಿಸಿ ನಮ್ಮ ಕೈಗೆ ಕೊಡುತ್ತಾರೆ. ಆಮೇಲೆ ಸಣ್ಣದೊಂದು ನಿಯಮ ಬದಲಿಸಬೇಕೆಂದರೂ ಬರೆದವರ ಬಾಗಿಲಿಗೇ ಹೋಗಬೇಕು. ಈ ತೊಂದರೆ ತಪ್ಪಿಸಲು ಒಳಗೇ ಒಂದು ಪುಟ್ಟ ಭಾಷೆಯ ಎಂಜಿನ್ ಕೂರಿಸುತ್ತಾರೆ. ನಾವು ನಾಲ್ಕು ಸಾಲು ಬರೆದರೆ ಅದು ಓದಿಕೊಂಡು ಅಲ್ಲೇ ನಡೆಸಿಕೊಡುತ್ತದೆ. ಯಕ್ಷಗಾನದಲ್ಲಿ ಪ್ರಸಂಗದ ಪದ್ಯ ಬರೆದಿಟ್ಟದ್ದು, ಮಾತು ಮಾತ್ರ ವೇಷಧಾರಿಯದು. ಇದೂ ಹಾಗೆಯೇ.

ಇಂಥ ಭಾಷೆಗಳಲ್ಲಿ ಹೆಸರಾದದ್ದು ಲುವಾ. ಹುಟ್ಟಿದ್ದು 1993ರಲ್ಲಿ, ಬ್ರೆಜಿಲ್‌ನ ರಿಯೊ ಡಿ ಜನೈರೊದ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ. ಹೊರದೇಶದ ಕಂಪ್ಯೂಟರ್ ಸರಕಿನ ಮೇಲೆ ಅಲ್ಲಿ 1992ರವರೆಗೂ ಬಿಗಿ ನಿರ್ಬಂಧವಿತ್ತು. ಬೇಕಾದ್ದನ್ನು ತಾವೇ ಮಾಡಿಕೊಳ್ಳುವ ರೂಢಿ ಆಗಲೇ ಬೆಳೆದಿತ್ತು. ತೈಲ ಕಂಪನಿ ಪೆಟ್ರೊಬ್ರಾಸ್‌ನ ಎಂಜಿನಿಯರುಗಳ ಕೆಲಸಕ್ಕೆಂದು ಮೊದಲು ಎರಡು ಸಣ್ಣ ಭಾಷೆಗಳು ತಯಾರಾದವು. ಅದರಲ್ಲೊಂದರ ಹೆಸರು ಸೋಲ್. ಪೋರ್ಚುಗೀಸಿನಲ್ಲಿ ಸೋಲ್ ಎಂದರೆ ಸೂರ್ಯ. ಅದರ ಜಾಗಕ್ಕೆ ಬಂದ ಹೊಸ ಭಾಷೆ ಲುವಾ, ಅಂದರೆ ಚಂದ್ರ!

ಈ ಚಂದಿರ ಬಹಳ ಹಗುರ. ಕೆಲವೇ ನೂರು ಕಿಲೋಬೈಟ್ ಜಾಗ ಸಾಕು. ಹಾಗಾಗಿ ಎಲ್ಲೆಲ್ಲೋ ಹೊಕ್ಕಿದ್ದಾನೆ. 2004ರ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಆಟದಲ್ಲಿ, ಫೋಟೋ ತಿದ್ದುವ ಲೈಟ್‌ರೂಮ್‌ನಲ್ಲಿ, ಸಿನಿಮಾ ನೋಡುವ ವಿಎಲ್‌ಸಿಯಲ್ಲಿ. 2013ರಿಂದ ವಿಕಿಪೀಡಿಯಕ್ಕೂ ಬಂದಿದ್ದಾನೆ. ನಮ್ಮ ಕನ್ನಡ ವಿಕಿಪೀಡಿಯದ ಲೇಖನಗಳ ಬದಿಯಲ್ಲಿ ಕಾಣುವ ಎಷ್ಟೋ ಮಾಹಿತಿ ಚೌಕಗಳ ಹಿಂದೆ ಇರುವುದು ಲುವಾ ಸಾಲುಗಳೇ.

ಆದರೆ ನೆಂಟರಿಗೆ ತೆರೆದ ಬಾಗಿಲಲ್ಲಿ ಕಳ್ಳನೂ ಬರಬಹುದಲ್ಲವೇ? ಮೈಕ್ರೋಸಾಫ್ಟ್ ವರ್ಡ್‌ನೊಳಗೂ ಇಂಥದೇ ಒಂದು ಭಾಷೆಯಿದೆ. ಅದರಲ್ಲಿ ಬರೆದದ್ದಕ್ಕೆ ಮ್ಯಾಕ್ರೋ ಎನ್ನುತ್ತಾರೆ. 1999ರ ಮಾರ್ಚಿಯಲ್ಲಿ ಮೆಲಿಸ್ಸಾ ವೈರಸ್ ನುಗ್ಗಿದ್ದು ಈ ದಾರಿಯಲ್ಲೇ. ಕಡತ ತೆರೆದರೆ ಸಾಕು, ವಿಳಾಸ ಪಟ್ಟಿಯ ಮೊದಲ 50 ಮಂದಿಗೆ ತನ್ನಷ್ಟಕ್ಕೆ ಅಂಚೆ ಹೋಗುತ್ತಿತ್ತು. ಇಂಟರ್‌ನೆಟ್‌ನಿಂದ ಬಂದ ಕಡತದ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ ತಾನಾಗಿಯೇ ತಡೆಯತೊಡಗಿದ್ದು 2022ರಲ್ಲಿ!

ಹಾಗಾದರೆ ಭಾಷೆಯದೇ ತಪ್ಪೇ? ಅಲ್ಲ. ಒಳಗಿನ ಭಾಷೆಗೆ ಏನೇನು ಮುಟ್ಟಲು ಬಿಡಬೇಕೆಂದು ತೀರ್ಮಾನಿಸುವುದು ಹೊರಗಿನ ತಂತ್ರಾಂಶ. ಮಾತು ವೇಷಧಾರಿಯದಾದರೂ ಆಟ ಆಡಿಸುವವರು ಭಾಗವತರು ತಾನೇ? ವಿಕಿಪೀಡಿಯದ ಲುವಾಗೆ ಪುಟ ಸಿದ್ಧಪಡಿಸುವ ಕೆಲಸವಷ್ಟೇ. ಸರ್ವರ್‌ನ ಬೇರೆ ಕಡತಗಳನ್ನು ಅದು ಮುಟ್ಟುವಂತಿಲ್ಲ, ಅದಕ್ಕೆ ಕೊಟ್ಟಿರುವ ಸಮಯಕ್ಕೂ ಮಿತಿಯಿದೆ.

ಕೊನೆಗೊಂದು ಮಾತು. ಗುರುತಿಲ್ಲದವರ ಕಡತ 'ಮ್ಯಾಕ್ರೋ ಚಾಲೂ ಮಾಡಿ' ಎಂದು ಕೇಳಿದರೆ ಗುಂಡಿ ಒತ್ತಬೇಡಿ. ಅಲ್ಲಿ ಭಾಗವತರು ನೀವೇ.