ಹಳೆಯ ಧ್ವನಿವರ್ಧಕದ ಉಚ್ಚಾರದೋಷ

ರಟ್ಟೀಹಳ್ಳಿಯ ನಮ್ಮ ಮನೆಯ ಪಡಸಾಲೆಯಲ್ಲಿ ನಾಲ್ವತ್ತು ವರ್ಷಗಳಿಂದ ಒಂದು ಜೊತೆ ಧ್ವನಿವರ್ಧಕ ಪೆಟ್ಟಿಗೆಗಳಿರುವುವು. ಪ್ರತಿಯೊಂದರೊಳಗೂ ಮಂದ್ರಧ್ವನಿಗೆ ದೊಡ್ಡದೊಂದು ವೂಫರೂ ತಾರಧ್ವನಿಗೆ ಕಿರಿದೊಂದು ಟ್ವೀಟರೂ ಉಂಟು. ಕಳೆದ ಮಳೆಗಾಲದ ಒಂದು ಸಂಜೆ, ಈಗ ಕೀರ್ತಿಶೇಷರಾದ ನಮ್ಮ ಸಂಸ್ಕೃತ ಗುರುಗಳ ಪಾಠವನ್ನು 1986ರಲ್ಲಿ ಮುದ್ರಿಸಿಕೊಂಡಿದ್ದ ಕ್ಯಾಸೆಟ್ಟನ್ನು ಹಚ್ಚಿ ಕುಳಿತಿದ್ದೆವು. ಬಳಿಯಲ್ಲಿ ಆಡುತ್ತಿದ್ದ ಏಳು ವರ್ಷದ ಮೊಮ್ಮಗಳು ತಲೆಯೆತ್ತಿ, “ಅಜ್ಜಾ, ನಿಮ್ಮ ಗುರುಗಳಿಗೆ ಶ ಅನ್ನಲಿಕ್ಕೆ ಬರೂದಿಲ್ಲೇನು?” ಎಂದು ಕೇಳಿಯೇ ಬಿಟ್ಟಳು.

ವಾಚಕರೇ, ಶಂಕರನನ್ನು ಸಂಕರವೆಂದ ಶಿಷ್ಯನೊಡನೆ ಮೂರು ದಿನ ಮಾತಾಡದಿದ್ದ ಮಹನೀಯರು ಅವರು. ಶಕಾರಕ್ಕೆ ತಾಲು, ಷಕಾರಕ್ಕೆ ಮೂರ್ಧ, ಸಕಾರಕ್ಕೆ ದಂತ ಎಂಬುದನ್ನು ನಮ್ಮ ನಾಲಗೆಗೆ ಕಲಿಸಿದವರೂ ಅವರೇ. ಅವರ ಧ್ವನಿ ಈ ಲೋಕದಲ್ಲಿ ಉಳಿದಿರುವುದು ಆ ಒಂದೇ ಕ್ಯಾಸೆಟ್ಟಿನಲ್ಲಿ. ಕಿವಿಗೊಟ್ಟು ಕೇಳಿದರೆ ಮಗುವಿನ ಮಾತು ದಿಟ! ಟೇಪು ಸವೆದುಹೋಯಿತೆಂದು ನಮ್ಮ ಎದೆ ಝಲ್ಲೆಂದಿತು. ಪೆಟ್ಟಿಗೆಗಳ ಮೇಲೆ ನಮಗೆ ಸಂಶಯವಿರಲಿಲ್ಲ. ಹಿಂದಿನ ದಿನವೇ ಗಂಗೂಬಾಯಿ ಹಾನಗಲ್ಲರ (1913–2009) ಗಾಯನವು ಅವುಗಳಲ್ಲಿ ತುಂಬಿ ಬಂದಿತ್ತು. ಆದರೆ ರಾತ್ರಿ ಹೆಡ್‌ಫೋನನ್ನು ಕಿವಿಗೆ ಹಚ್ಚಿ ಕೇಳಲು, ಗುರುಗಳ ಶಕಾರ ಸುಸ್ಪಷ್ಟ! ದೋಷವು ಪೆಟ್ಟಿಗೆಗಳದೇ ಎಂದಾಯಿತು.

ಪೇಟೆಯ ಅಂಗಡಿಯೊಂದರಲ್ಲಿ ವಿಚಾರಿಸಲು, ಇವನ್ನು ಗುಜರಿಗೆ ಕೊಟ್ಟು ಹೊಸವನ್ನು ಕೊಳ್ಳಿರೆಂದರು. ಕಾಂತದ ನಡುವೆ ತಂತಿಯ ಸುರುಳಿ ಅಲುಗಿ ಕಾಗದದ ಶಂಕುವನ್ನು ನಡುಗಿಸುವ ಈ ಯಂತ್ರದ ರೂಪವನ್ನು ಅಮೆರಿಕೆಯ ರೈಸ್ ಮತ್ತು ಕೆಲಾಗ್ ಎಂಬಿಬ್ಬರು 1925ರಲ್ಲಿ ಪ್ರಕಟಿಸಿದರು. ಇಂದಿನ ಹೊಸ ಪೆಟ್ಟಿಗೆಗಳಲ್ಲಿ ಬಹುಪಾಲು ಅದೇ ಮೂಲತತ್ತ್ವದವು. ಶಂಕುವು ಹರಿಯದೆ, ಸುರುಳಿಯು ಸುಡದೆ ಇರುವಾಗ ಎಸೆಯುವುದೇಕೆ? ನಾವೇ ಬಿಚ್ಚಿದೆವು.

ಈ ಎರಡು ಬಾಯಿಗಳಿಗೂ ಧ್ವನಿಯನ್ನು ಹಂಚಿಕೊಡುವ ಉಪಕರಣಕ್ಕೆ ಕ್ರಾಸೋವರ್ ಎಂದು ಹೆಸರು. ಸುರುಳಿಯು ಶೀಘ್ರ ಕಂಪನಗಳನ್ನು ತಡೆದು ನಿಧಾನದವನ್ನು ವೂಫರಿಗೆ ಬಿಡುತ್ತದೆ. ಕೆಪಾಸಿಟರು ನಿಧಾನದವನ್ನು ತಡೆದು ಶೀಘ್ರದವನ್ನು ಟ್ವೀಟರಿಗೆ ಬಿಡುತ್ತದೆ. ನಮ್ಮವುಗಳಲ್ಲಿ ಸೆಕೆಂಡಿಗೆ 2000 ಕಂಪನಗಳೆಂಬುದೇ ಗಡಿ. ಕೆಪಾಸಿಟರಿನ ಮೇಲೆ 10 ಮೈಕ್ರೋಫ್ಯಾರಡ್ ಎಂದು ಬರೆದಿತ್ತು. ಅದರ ಒಂದು ಕಾಲನ್ನು ಬಿಡಿಸಿ ಮೀಟರಿಗೆ ಹಚ್ಚಲು ತೋರಿದ್ದು 4 ಮಾತ್ರ! ಇಂಥವುಗಳೊಳಗಿನ ದ್ರವವು ಕಾಲಾಂತರದಲ್ಲಿ ಒಣಗುವುದು. 10 ಇದ್ದದ್ದು 4 ಆದೊಡನೆ ಟ್ವೀಟರಿನ ಗಡಿಯು 2000ದಿಂದ 5000ಕ್ಕೆ ಏರಿತು. ವೂಫರಿನ ಗಡಿಯಾದರೋ ಅಲ್ಲಿಯೇ ನಿಂತಿತು. ನಡುವಿನ ಪ್ರಾಂತವು ಒಡೆಯನಿಲ್ಲದ ಹೊಲದಂತೆ ಬೀಳುಬಿತ್ತು.

ಶಕಾರದ ಬಲವೆಲ್ಲ ಬಹುಮಟ್ಟಿಗೆ ಆ ಪ್ರಾಂತದಲ್ಲಿಯೇ ಇದೆ. ಸಕಾರದ್ದು ಅದಕ್ಕಿಂತ ಮೇಲೆ. ಕೆಳಗಿನದನ್ನು ಕಳೆದುಕೊಂಡ ಶಕಾರವು ಸಕಾರದ ವೇಷ ಹಾಕುವುದು ಸಹಜವಷ್ಟೆ. ಗಂಗೂಬಾಯಿಯವರ ಗಂಭೀರ ಕಂಠದ ಮುಖ್ಯ ಬಲವು 2000ಕ್ಕಿಂತ ಕೆಳಗಿನದಾದ್ದರಿಂದ ಆ ಗಾಯನವು ಕೆಟ್ಟಿರಲಿಲ್ಲ, ನಾವೂ ಮೋಸಹೋದೆವು.

ಇನ್ನು ಲೆಕ್ಕ. 6.28, ಗಡಿಯ ಕಂಪನಸಂಖ್ಯೆ, ಧ್ವನಿವರ್ಧಕದ ಓಮು, ಈ ಮೂರನ್ನು ಗುಣಿಸಿ, ಒಂದನ್ನು ಅದರಿಂದ ಭಾಗಿಸಿದರೆ ಕೆಪಾಸಿಟರು ಫ್ಯಾರಡ್ಡಿನಲ್ಲಿ ಸಿಗುವುದು. ಓಮನ್ನು 6.28 ಮತ್ತು ಕಂಪನಸಂಖ್ಯೆಗಳ ಗುಣಲಬ್ಧದಿಂದ ಭಾಗಿಸಿದರೆ ಸುರುಳಿಯು ಹೆನ್ರಿಯಲ್ಲಿ ಸಿಗುವುದು. 8 ಓಮಿಗೆ 2000ದಲ್ಲಿ 10 ಮೈಕ್ರೋಫ್ಯಾರಡ್, 0.64 ಮಿಲಿಹೆನ್ರಿ. ಮೀಟರಿನಲ್ಲಿ 8 ಓಮಿನ ವೂಫರು 6ರ ಸುಮಾರು ತೋರಿಸುವುದು. ಅದನ್ನೇ ಹಿಡಿದು ಲೆಕ್ಕ ಹಾಕಬಾರದು. ಕೆಪಾಸಿಟರನ್ನು ಒಣಗುವ ದ್ರವವಿಲ್ಲದ ಫಿಲ್ಮ್ ಜಾತಿಯದನ್ನೇ ತಂದೆವು. ಧನ-ಋಣ ಗುರುತಿನ ಸಾಮಾನ್ಯ ಕೆಪಾಸಿಟರು ಇಲ್ಲಿ ಸಲ್ಲದು.

ಸುರುಳಿಗೆ ಹಳೆಯ ತುಕ್ಕುಹಿಡಿದ ಕಬ್ಬಿಣದ ತಿರುಳು ಬೇಡವೆನಿಸಿತು. ಪಂಪುಸೆಟ್ಟಿನ ಮೋಟಾರು ಸುತ್ತುವ ಅಂಗಡಿಯಲ್ಲಿ 1 ಮಿಲಿಮೀಟರಿನ ಎನಾಮಲ್ ತಾಮ್ರದ ತಂತಿ ತೂಕಕ್ಕೆ ದೊರೆಯಿತು. ಬಡಿಗರಿಂದ 30 ಮಿಲಿಮೀಟರ್ ವ್ಯಾಸದ, 20 ಮಿಲಿಮೀಟರ್ ಅಗಲದ ಮರದ ರಾಟೆಯನ್ನು ಮಾಡಿಸಿದೆವು. ವೀಲರ್ ಎಂಬಾತನು 1928ರಲ್ಲಿ ಪ್ರಕಟಿಸಿದ ಸೂತ್ರದಂತೆ ಸುಮಾರು 145 ಸುತ್ತು ಬೇಕಾದುವು. ಎಣಿಸುವ ಕೆಲಸ ಮೊಮ್ಮಗಳದು. ಎರಡು ಸಲ ಊಟಕ್ಕೆಂದು ಕರೆಬಂದು ಲೆಕ್ಕ ತಪ್ಪಿತು. ಕಡೆಗೆ ಅದನ್ನು ಕಬ್ಬಿಣದ ಬೋಲ್ಟಿನಿಂದ ಬಿಗಿದು ಅಳೆದರೆ ಹೆನ್ರಿಯು ಮೇಲೇರಿ ಕುಳಿತಿತ್ತು. ಕಬ್ಬಿಣದ ತಿರುಳನ್ನು ತೆಗೆದವರು ನಾವೇ, ಕಬ್ಬಿಣವನ್ನು ಮರಳಿ ತುರುಕಿದವರೂ ನಾವೇ. ಹಿತ್ತಾಳೆಯದನ್ನು ಹಾಕಿದ ಮೇಲೆ ಸರಿಹೋಯಿತು.

ಶಕಾರ ಮರಳಿತು, ಆದರೆ ಕರ್ಕಶವಾಗಿ. ಕಾರಣವನ್ನು ತಿಳಿಯಲು ವಾರ ಹಿಡಿಯಿತು. ವೂಫರಿನ ಓಮು ಕಂಪನಸಂಖ್ಯೆಯೊಡನೆ ಏರುತ್ತ ಹೋಗುವುದು. ಆಗ ಸುರುಳಿಯ ತಡೆಯು ನಡೆಯದೆ, ವೂಫರು ಟ್ವೀಟರಿನ ಪಾಲಿಗೂ ಬಾಯಿಹಾಕುವುದು. ಅದಕ್ಕೆ ಪರಿಹಾರವಾಗಿ 8 ಓಮಿನ ರೋಧಕವನ್ನೂ 10 ಮೈಕ್ರೋಫ್ಯಾರಡ್ಡಿನ ಇನ್ನೊಂದು ಕೆಪಾಸಿಟರನ್ನೂ ಒಂದರ ಹಿಂದೊಂದು ಜೋಡಿಸಿ ವೂಫರಿನ ಎರಡು ತುದಿಗಳಿಗೆ ಅಡ್ಡಲಾಗಿ ಕಟ್ಟಿದೆವು. ನಮ್ಮ ವೂಫರಿಗೆ ಒಪ್ಪಿದ ಅಳತೆಯಿದು. ಬೇರೆಯದಕ್ಕೆ ಬೇರೆ ಬೇಕಾದೀತು.

ಆ ರಾತ್ರಿ ಎಡಪೆಟ್ಟಿಗೆಯೊಂದನ್ನೇ ಹಚ್ಚಿ ಕೇಳಿದೆವು. ಗುರುಗಳು ಒಮ್ಮೆ ಕೆಮ್ಮಿ, ಪುಟ ತಿರುವಿ, ಪಾಠವನ್ನು ತೊಡಗಿದರು. ಶಂಕರನು ಶಂಕರನಾಗಿಯೇ ಬಂದನು. ನಾವು ಅರಿಯದೆ ನೆಟ್ಟಗೆ ಕುಳಿತೆವು.

ಬಲಪೆಟ್ಟಿಗೆಯ ಸುರುಳಿಗೆ ತಂತಿ ಸಾಲಲಿಲ್ಲ. ರೈತರ ಮೋಟಾರುಗಳ ಕೆಲಸ ಮುಗಿಯುವವರೆಗೆ ತಾಳಿರೆಂದು ಅಂಗಡಿಯವರು ಹೇಳಿರುವರು. ಸದ್ಯಕ್ಕೆ ನಮ್ಮ ಪಡಸಾಲೆಯಲ್ಲಿ ಎಡಗಡೆ ಶಂಕರ, ಬಲಗಡೆ ಸಂಕರ. ಮೊಮ್ಮಗಳು ನಡುವೆ ಕುಳಿತು ಬಲಪೆಟ್ಟಿಗೆಯನ್ನು ತಿದ್ದುತ್ತಿರುವಳು.