ಕೋಟೆ ಕೊಳ್ಳೆ ಹೋಗುವ ಮುನ್ನ

ಹಳೆಯ ಸ್ಕೂಟರು ನಡುರಸ್ತೆಯಲ್ಲಿ ಕೆಟ್ಟು ನಿಂತು ತನ್ನ ವಯಸ್ಸನ್ನು ಸಾರುತ್ತದೆ. ಹಳೆಯ ಕಂಪ್ಯೂಟರು ಹಾಗೆ ಮಾಡುವುದಿಲ್ಲ. ಪರದೆ ಬೆಳಗುತ್ತದೆ, ಕೀಲಿಮಣೆ ಓಡುತ್ತದೆ, ಮಗಳ ಮದುವೆಯ ಫೋಟೊಗಳು ಎಂದಿನಂತೆ ತೆರೆದುಕೊಳ್ಳುತ್ತವೆ. ಒಳಗಿನ ದಿಡ್ಡಿ ಬಾಗಿಲು ತೆರೆದೇ ಇರುವುದು ಮಾತ್ರ ಮನೆಯವರಿಗೆ ಕಾಣುವುದಿಲ್ಲ.

ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶವೇ ಆಪರೇಟಿಂಗ್ ಸಿಸ್ಟಮ್. ಅದನ್ನು ಬರೆಯುವಾಗ ಉಳಿದುಹೋದ ತಪ್ಪುಗಳ ಮೂಲಕವೇ ಕಳ್ಳರು ನುಸುಳುವುದು. ತಪ್ಪು ಗೊತ್ತಾದಂತೆಲ್ಲ ತಯಾರಕರು ಅಪ್‌ಡೇಟ್ ಎಂಬ ತೇಪೆ ಕಳುಹಿಸುತ್ತಾರೆ. ಆದರೆ ಈ ಸೇವೆಗೂ ಕೊನೆಯುಂಟು. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಸೇವೆ ಮುಗಿಯಿತು. ಯಂತ್ರ ಮಾತ್ರ ಏನೂ ಆಗದಂತೆ ಓಡುತ್ತಲೇ ಇರುತ್ತದೆ.

ಇದರ ಪರಿಣಾಮವೇನೆಂಬುದನ್ನು ಜಗತ್ತು 2017ರ ಮೇ 12ರಂದು ಕಂಡಿತು. ‘ವನ್ನಾಕ್ರೈ’ ಎಂಬ ಕುತಂತ್ರಾಂಶ ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ನುಗ್ಗಿ, ಕಡತಗಳಿಗೆ ಬೀಗ ಜಡಿದು, ಬಿಡಿಸಲು 300 ಡಾಲರ್ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳೇ ರದ್ದಾದವು. ಯಾರೂ ಅನುಮಾನದ ಪತ್ರವನ್ನು ತೆರೆಯಬೇಕಾಗಿರಲಿಲ್ಲ. ಜಾಲದಲ್ಲಿ ತೇಪೆಯಿಲ್ಲದ ಯಂತ್ರ ಸಿಕ್ಕರೆ ಅದು ತಾನಾಗಿಯೇ ಒಳಹೋಗುತ್ತಿತ್ತು. ವಿಷಾದದ ಸಂಗತಿಯೆಂದರೆ, ಆ ತಪ್ಪಿಗೆ ತೇಪೆ ಮಾರ್ಚ್ 14ರಂದೇ ಬಂದಿತ್ತು. ಬಲಿಯಾದ ಯಂತ್ರಗಳಲ್ಲಿ ಬಹುಪಾಲು ಆಗಿನ್ನೂ ಸೇವೆಯಲ್ಲಿದ್ದ ವಿಂಡೋಸ್ 7ರವು. ಎರಡು ತಿಂಗಳ ಉದಾಸೀನಕ್ಕೆ ತೆತ್ತ ಬೆಲೆಯದು.

ಹಾಗಾದರೆ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕಬೇಕೆ? ಬೇಕಿಲ್ಲ. ತೇಪೆ ಬರುತ್ತಿರುವಷ್ಟು ದಿನ ಅದು ತಾನಾಗಿಯೇ ಇಳಿಯುವಂತೆ ಇಡಬೇಕು. ವಿಂಡೋಸ್ 10 ಇರುವ ಮನೆಬಳಕೆದಾರರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಸುರಕ್ಷಾ ತೇಪೆ ಕೊಡುವುದಾಗಿ ಮೈಕ್ರೋಸಾಫ್ಟ್ ಘೋಷಿಸಿತು. ವಿಂಡೋಸ್ 11 ಟಿಪಿಎಮ್ 2.0 ಎಂಬ ಭದ್ರತಾ ವ್ಯವಸ್ಥೆಯನ್ನು ಕೇಳುವುದರಿಂದ ಅನೇಕ ಹಳೆಯ ಯಂತ್ರಗಳಿಗೆ ಒಗ್ಗದು. ಅಂಥವುಗಳಿಗೆ ಲಿನಕ್ಸ್ ಮಿಂಟ್‌ನಂತಹ ಉಚಿತ ವ್ಯವಸ್ಥೆಯನ್ನು ಹಾಕಿಸಿದರೆ ಮತ್ತೆ ಹೊಸ ತೇಪೆಗಳು ಸಿಗುತ್ತವೆ.

ಅದೂ ಆಗದಿದ್ದರೆ ಇಂಟರ್‌ನೆಟ್ ಸಂಪರ್ಕ ಕಿತ್ತು, ಟೈಪಿಂಗಿಗೋ ಮಕ್ಕಳ ಆಟಕ್ಕೋ ಬಳಸಬಹುದು. ಬ್ಯಾಂಕ್ ವ್ಯವಹಾರ ಅದರಲ್ಲಿ ಸಲ್ಲದು. ಕಂಡವರ ಪೆನ್‌ಡ್ರೈವ್ ಚುಚ್ಚುವ ಅಭ್ಯಾಸವೂ ಬೇಡ. ಆಂಟಿವೈರಸ್ ಇದೆಯೆಂದು ನಿಶ್ಚಿಂತರಾಗುವವರು ಬಹಳ. ಅದು ಕಾವಲುಗಾರನಷ್ಟೇ, ಒಡೆದ ಗೋಡೆಯನ್ನು ಕಟ್ಟಿಕೊಡದು.

ಎಲ್ಲಕ್ಕಿಂತ ಮೊದಲು, ಫೋಟೊ ಮತ್ತು ಮುಖ್ಯ ಕಾಗದಪತ್ರಗಳ ಪ್ರತಿಯನ್ನು ಬೇರೊಂದು ಹಾರ್ಡ್‌ಡಿಸ್ಕಿಗೆ ಇಳಿಸಿ, ಅದನ್ನು ಕಂಪ್ಯೂಟರಿನಿಂದ ಬಿಡಿಸಿ ಬೀರುವಿನಲ್ಲಿಡಬೇಕು. ಜೋಡಿಸಿಯೇ ಬಿಟ್ಟರೆ ಬೀಗ ಜಡಿಯುವವನು ಅದಕ್ಕೂ ಜಡಿಯುತ್ತಾನೆ. ಕಂಪ್ಯೂಟರು ಹೋದರೆ ಇನ್ನೊಂದು ಕೊಳ್ಳಬಹುದು. ಹತ್ತು ವರ್ಷದ ಫೋಟೊಗಳು ಯಾವ ಅಂಗಡಿಯಲ್ಲೂ ಸಿಗವು.