ಬ್ರೇಕ್ ಪೆಡಲ್ ಮೆತ್ತಗಾಗಿದ್ಯಾ? ಆಯಿಲ್ ಸುರಿಯೋ ಮೊದಲು ಇದನ್ನ ನೋಡಿ

ನಮ್ಮ ಮನೆಯಲ್ಲಿ ಹದಿನೆಂಟು ವರ್ಷದ ಹಳೇ ಕಾರೊಂದಿದೆ. ಬೀಜ, ಗೊಬ್ಬರ ತರೋಕೂ ಅದೇ, ಅವ್ವನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋಕೂ ಅದೇ. ಹೋದ ವರ್ಷ ಟೊಮೆಟೊ ಕೀಳೋ ಗಡಿಬಿಡಿಯಲ್ಲಿ ಅದರ ಬ್ರೇಕ್ ಪೆಡಲ್ ಸ್ವಲ್ಪ ಮೆತ್ತಗಾಯ್ತು. ಬಾನೆಟ್ ಎತ್ತಿ ನೋಡಿದರೆ ಬ್ರೇಕ್ ಆಯಿಲ್ ಕೆಳಗಿನ ಗೆರೆಗಿಂತ ಕಡಿಮೆ. ಸುರಿದೆ, ಸರಿಹೋಯ್ತು. ವಾರ ಬಿಟ್ಟು ಮತ್ತೆ ಕಡಿಮೆ. ಮತ್ತೆ ಸುರಿದೆ.

ಮೂರನೇ ವಾರ ಕೆರೆ ಏರಿಯ ಇಳಿಜಾರಿನಲ್ಲಿ ಕುರಿ ಮಂದೆ ಅಡ್ಡ ಬಂತು. ಬ್ರೇಕ್ ಒತ್ತಿದೆ, ಪೆಡಲ್ ನೆಲಕ್ಕೇ ಹೋಯ್ತು. ಪಕ್ಕದಲ್ಲಿ ಅವ್ವ ಕೂತಿದ್ದಳು. ಪಟಪಟ ಅಂತ ನಾಲ್ಕು ಸಲ ತುಳಿದು, ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದೆ. ಕೊನೇ ಕುರಿಗೆ ಒಂದು ಮಾರು ದೂರದಲ್ಲಿ ಗಾಡಿ ನಿಂತಿತು.

ಅವತ್ತು ಕಲಿತದ್ದು ಇಷ್ಟೇ: ಬ್ರೇಕ್ ಆಯಿಲ್ ಡೀಸೆಲ್ ಥರ ಖರ್ಚಾಗೋದಲ್ಲ. ಪ್ಯಾಡ್ ಸವೆದಂತೆ ತಿಂಗಳುಗಟ್ಟಲೆ ನಿಧಾನಕ್ಕೆ ಸ್ವಲ್ಪ ಇಳಿಯುತ್ತೆ, ಅದು ಸಹಜ. ವಾರವಾರ ಇಳೀತಿದೆ ಅಂದ್ರೆ ಎಲ್ಲೋ ಸೋರ್ತಿದೆ. ನಾನು ಆಯಿಲ್ ಸುರಿದು ರೋಗ ಮುಚ್ಚಿಟ್ಟಿದ್ದೆ.

ಕಾಲೇ ಹೇಳುತ್ತೆ, ಕೇಳಿ

ಗಾಡಿಯನ್ನ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಎಂಜಿನ್ ಆಫ್ ಇರಲಿ. ಬೂಸ್ಟರ್‌ನಲ್ಲಿ ಉಳಿದ ವ್ಯಾಕ್ಯೂಮ್ ಹೋಗೋ ಹಾಗೆ ಮೊದಲು ಐದಾರು ಸಲ ಪೆಡಲ್ ತುಳಿದು ಬಿಡಿ. ಆಮೇಲೆ ಪರೀಕ್ಷೆ ಮಾಡಿ.

1. ಪೆಡಲ್ ಸ್ಪಂಜಿನ ಹಾಗೆ ಪುಟಿಯುತ್ತಾ? ಪೈಪಿನಲ್ಲಿ ಗಾಳಿ ಸೇರಿರಬಹುದು. ಆಯಿಲ್ ಕುಗ್ಗೋದಿಲ್ಲ, ಗಾಳಿ ಕುಗ್ಗುತ್ತೆ. ನಿಮ್ಮ ಕಾಲಿನ ಬಲ ಚಕ್ರ ಮುಟ್ಟೋ ಮೊದಲೇ ಗಾಳಿ ಒತ್ತೋದರಲ್ಲಿ ಕಳೆದುಹೋಗುತ್ತೆ. ರಬ್ಬರ್ ಹೋಸ್ ಹಳೇದಾಗಿ ಉಬ್ಬಿದರೂ ಹೀಗೇ ಆಗುತ್ತೆ.

2. ಮೊದಲ ಸಲ ತುಂಬಾ ಕೆಳಗೆ ಹೋಗಿ, ಬೇಗ ಬೇಗ ತುಳಿದಾಗ ಮೇಲೆ ಬಂದು ಗಟ್ಟಿಯಾಗುತ್ತಾ? ಹಿಂದಿನ ಡ್ರಮ್ಮಿನಲ್ಲಿ ಶೂಗೂ ಡ್ರಮ್ಮಿಗೂ ಅಂತರ ಜಾಸ್ತಿಯಾಗಿರಬಹುದು. ಹಳೇ ಚಿಕ್ಕ ಕಾರುಗಳಲ್ಲಿ ಸಾಮಾನ್ಯವಾಗಿ ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುತ್ತೆ. ಶೂ ಸವೆದು ಅಡ್ಜಸ್ಟರ್ ತುಕ್ಕು ಹಿಡಿದರೆ ಈ ಲಕ್ಷಣ. ಗಾಳಿ ಇದ್ದರೂ ಹೀಗಾಗಬಹುದು.

3. ಒತ್ತಿ ಅರ್ಧ ನಿಮಿಷ ಹಿಡಿದರೆ ನಿಧಾನಕ್ಕೆ ಕೆಳಗೆ ಇಳಿಯುತ್ತಾ? ಇದು ಸೋರಿಕೆ. ಹೊರಗೆ ಎಲ್ಲೂ ಒದ್ದೆ ಇಲ್ಲ, ಆಯಿಲ್ ಮಟ್ಟವೂ ಇಳಿದಿಲ್ಲ ಅಂದ್ರೆ ಮಾಸ್ಟರ್ ಸಿಲಿಂಡರಿನ ಒಳಗಿನ ಸೀಲ್ ಹೋಗಿರಬಹುದು.

ಇನ್ನೊಂದು ಮಾತು. ಪೆಡಲ್ ಒತ್ತಿಕೊಂಡೇ ಎಂಜಿನ್ ಸ್ಟಾರ್ಟ್ ಮಾಡಿದಾಗ ಅದು ಸ್ವಲ್ಪ ಕೆಳಗಿಳಿದರೆ ಹೆದರಬೇಡಿ. ಬೂಸ್ಟರ್ ಕೆಲಸ ಮಾಡ್ತಿದೆ ಅಂತ ಅರ್ಥ.

ಒದ್ದೆ ಎಲ್ಲಿದೆ ಹುಡುಕಿ

ಮೊಬೈಲ್ ಟಾರ್ಚ್ ಹಾಕಿ ನಾಲ್ಕೂ ಚಕ್ರದ ಒಳಮೈ, ಹೋಸ್‌ಗಳು, ಕಬ್ಬಿಣದ ಪೈಪಿನ ಜೋಡಣೆ, ಮಾಸ್ಟರ್ ಸಿಲಿಂಡರ್ ಬೂಸ್ಟರಿಗೆ ಕೂರೋ ಜಾಗ, ಇಷ್ಟನ್ನೂ ನೋಡಿ. ನನ್ನ ಕಾರಿನಲ್ಲಿ ಹಿಂದಿನ ಎಡ ಚಕ್ರದ ಒಳಗೆ ಟೈರ್ ಒದ್ದೆಯಾಗಿತ್ತು. ಡ್ರಮ್ ಬಿಚ್ಚಿಸಿದರೆ ವೀಲ್ ಸಿಲಿಂಡರಿನ ರಬ್ಬರ್ ಹರಿದಿತ್ತು, ಶೂಗಳು ಆಯಿಲ್ ಕುಡಿದಿದ್ದವು. ಆಯಿಲ್ ಹತ್ತಿದ ಶೂ ತೊಳೆದು ಹಾಕೋ ಹಾಗಿಲ್ಲ. ಎರಡೂ ಕಡೆಯ ಶೂ ಒಟ್ಟಿಗೇ ಬದಲಿಸಬೇಕು.

ಟ್ರ್ಯಾಕ್ಟರ್ ಆಯಿಲ್ ಹಾಕಲೇಬೇಡಿ

ನಮ್ಮ ಕೊಟ್ಟಿಗೆಯಲ್ಲಿ ಟ್ರ್ಯಾಕ್ಟರಿನ ಹೈಡ್ರಾಲಿಕ್ ಆಯಿಲ್, ಎಂಜಿನ್ ಆಯಿಲ್ ಯಾವಾಗಲೂ ಇರುತ್ತೆ. ಅರ್ಜೆಂಟಿಗೆ ಅಂತ ಒಂದು ಮುಚ್ಚಳ ಹಾಕಿದರೂ ಕಾರಿನ ಬ್ರೇಕಿನ ರಬ್ಬರ್ ಸೀಲ್‌ಗಳು ಊದಿ ಹಾಳಾಗ್ತವೆ. ಟ್ಯಾಂಕಿನ ಮುಚ್ಚಳದ ಮೇಲೆ ಬರೆದ ಡಾಟ್ 3 ಅಥವಾ ಡಾಟ್ 4 ಆಯಿಲನ್ನೇ ಹಾಕಿ. ಸೀಲ್ ತೆಗೆದು ಬಹಳ ದಿನ ಇಟ್ಟ ಡಬ್ಬಿ ಬೇಡ. ಈ ಆಯಿಲ್ ಗಾಳಿಯ ತೇವ ಹೀರುತ್ತೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನೋದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತೆ. ಘಾಟಿ ಇಳಿಯುವಾಗ ಬ್ರೇಕ್ ಕಾದು ಆಯಿಲ್ ಕುದಿದರೆ ಆವಿ ಗುಳ್ಳೆಗಳೆದ್ದು ಪೆಡಲ್ ಮೆತ್ತಗಾಗುತ್ತೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸೋದು ಒಳ್ಳೇದು.

ಗಾಳಿ ತೆಗೆಯೋದು

ಇದಕ್ಕೆ ಇಬ್ಬರು ಬೇಕು. ಬ್ಲೀಡರ್ ನಿಪ್ಪಲಿಗೆ ಪಾರದರ್ಶಕ ಪೈಪ್ ಹಾಕಿ, ಇನ್ನೊಂದು ತುದಿ ಸ್ವಲ್ಪ ಆಯಿಲ್ ಇರೋ ಬಾಟಲಿಯಲ್ಲಿ ಮುಳುಗಿರಲಿ. ಒಬ್ಬರು ಪೆಡಲ್ ಒತ್ತಿ ಹಿಡೀಬೇಕು, ಇನ್ನೊಬ್ಬರು ನಿಪ್ಪಲ್ ಸಡಿಲಿಸಿ ಮತ್ತೆ ಬಿಗಿ ಮಾಡಬೇಕು, ಆಮೇಲಷ್ಟೇ ಪೆಡಲ್ ಬಿಡಬೇಕು. ಗುಳ್ಳೆ ನಿಲ್ಲೋವರೆಗೂ ಹೀಗೇ ಮಾಡಿ. ಮಧ್ಯೆ ಟ್ಯಾಂಕ್ ಖಾಲಿಯಾಗೋಕೆ ಬಿಡಬೇಡಿ. ಯಾವ ಚಕ್ರ ಮೊದಲು ಅನ್ನೋದನ್ನ ಗಾಡಿಯ ಮ್ಯಾನುಯಲ್‌ನಲ್ಲಿ ನೋಡಿಕೊಳ್ಳಿ. ಎಬಿಎಸ್ ಇರೋ ಗಾಡಿಯಾದರೆ ಮೆಕ್ಯಾನಿಕ್‌ಗೇ ಬಿಡಿ. ಸೋರಿಕೆ ಸರಿಮಾಡದೆ ಗಾಳಿ ತೆಗೆದರೆ ಪ್ರಯೋಜನ ಇಲ್ಲ, ಗಾಳಿ ಮತ್ತೆ ಸೇರುತ್ತೆ.

ಓಡಿಸುವಾಗಲೇ ಪೆಡಲ್ ಕೈಕೊಟ್ಟರೆ ಬೇಗ ಬೇಗ ತುಳಿಯಿರಿ, ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಸ್ವಲ್ಪ ಸ್ವಲ್ಪವೇ ಎಳೆಯಿರಿ. ಕೀ ಆಫ್ ಮಾಡಬೇಡಿ, ಸ್ಟೇರಿಂಗ್ ಲಾಕ್ ಆಗಬಹುದು. ನಿಂತ ಮೇಲೆ ಅಲ್ಲಿಂದ ಓಡಿಸಿಕೊಂಡು ಬರಬೇಡಿ, ಕಟ್ಟಿ ಎಳೆಯೋದೂ ಬೇಡ. ಹಗ್ಗದ ತುದಿಯಲ್ಲಿ ಬ್ರೇಕ್ ಇಲ್ಲದ ಗಾಡಿ ನಿಲ್ಲಿಸೋಕಾಗಲ್ಲ. ಮೆಕ್ಯಾನಿಕ್‌ನನ್ನ ಅಲ್ಲಿಗೇ ಕರೆಸಿ.

ಪಂಪ್‌ಸೆಟ್ಟಿನ ಸದ್ದು ಸ್ವಲ್ಪ ಬದಲಾದರೂ ನಾವು ತೋಟಕ್ಕೆ ಓಡ್ತೀವಿ. ಮನೆಯವರನ್ನ ಕೂರಿಸಿಕೊಂಡು ಹೋಗೋ ಗಾಡಿಯ ಪೆಡಲ್ ಒಂದಿಂಚು ಕೆಳಗೆ ಹೋದರೂ ಅಷ್ಟೇ ಗಮನ ಕೊಡಿ. ನಾಳೆ ಬೆಳಗ್ಗೆ ಗಾಡಿ ತೆಗೆಯೋ ಮೊದಲು ಆ ಅರ್ಧ ನಿಮಿಷದ ಪರೀಕ್ಷೆ ಮಾಡಿ ನೋಡಿ.